ಮುನ್ನೂರು ಅಂತ ನಾನೇ ಹೇಳಿದ್ದೆ

ಲಗ್ನದ ಸೀಜನ್ ಮುಗಿಯುವ ಹೊತ್ತಿಗೆ ನನ್ನ ಗಂಟಲು ಕಿತ್ತುಹೋದ ಚಪ್ಪಲಿಯ ಹಾಗೆ ಆಗಿರುತ್ತದೆ. ಕಳೆದ ವಾರವೂ ಹಾಗೇ ಆಗಿ, ಮಾತಾಡಲಾರದೆ ಮಲಗಿದ್ದೆ. ಅವ್ವ ನನ್ನ ಜುಬ್ಬಾ ನೀರಿಗೆ ಹಾಕುವ ಮುಂಚೆ ಜೇಬು ತಡವಿ, ಏನೋ ಸಿಕ್ಕಿತೆಂದು ತಂದು ನನ್ನ ಅಂಗೈಗೆ ಸುರಿದಳು. ಒಂದು ಚಿಟಿಕೆ ಅಕ್ಕಿಕಾಳು. ಅರಿಶಿನ ಹಚ್ಚಿದ್ದು, ಬೆವರಿಗೆ ಅಂಟಂಟಾಗಿದ್ದು. ಯಾರ ಲಗ್ನದ್ದೋ... ಒಂದೇ ವಾರದಲ್ಲಿ ನಾಲ್ಕು ಕಡೆ ಮೈಕು ಹಿಡಿದಿದ್ದೆ. ಮದುಮಕ್ಕಳ ಮೇಲೆ ಹಾಕಲೆಂದು ಯಾರೋ ಕೈಗೆ ಕೊಟ್ಟಿರಬೇಕು, ನಾನು ಹಾಕದೆ ಜೇಬಿಗೆ ಸೇರಿಸಿಕೊಂಡು ಬಂದಿದ್ದೆ. ಆಶೀರ್ವಾದ ಕದ್ದು ತರುವ ಮನುಷ್ಯ ಜಿಲ್ಲೆಗೆ ನಾನೊಬ್ಬನೇ ಇದ್ದೇನು.

ಮೂಗಿನ ಹತ್ತಿರ ಹಿಡಿದೆ. ಅರಿಶಿನದ ಹಸಿ ವಾಸನೆ. ಆ ವಾಸನೆಗೆ ಯಾರಾದರೂ ಮದುಮಗಳು ನೆನಪಾಗಬೇಕಿತ್ತು. ನನಗೆ ನೆನಪಾದವರು ಮಂಗಲ ಕಾರ್ಯಾಲಯದ ಕೊನೆಯ ಗೋಡೆಗೆ ಬೆನ್ನು ಹಚ್ಚಿ ನಿಂತ ಒಬ್ಬ ವಯಸ್ಸಾದ ಫೋಟೋಗ್ರಾಫರ್.

ಅವರನ್ನು ನಾನು ಕಾಕಾ ಅನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಅವರ ಮನೆ, ಆ ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೋ. ಹಳೇ ಊರಿನ ಪೇಟೆಯಲ್ಲಿದ್ದ ಅಂಗಡಿ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಕಾಕಾ ಇಲ್ಲಿಗೆ ಬಂದಿದ್ದರಂತೆ. ಬರುವಾಗ ಬೋರ್ಡು, ಒಂದು ಬಣ್ಣದ ಪರದೆ ಮತ್ತು ಎರಡು ಲೆನ್ಸು ಮಾತ್ರ ಜೋಪಾನವಾಗಿ ತಂದರೆಂದು ಕಾಕು ಈಗಲೂ ಸಿಟ್ಟಿನಿಂದ ಹೇಳುತ್ತಾರೆ. ಕಾಕು ಅಂದರೆ ಅವರ ಹೆಂಡತಿ. ತಾವು ತರಲು ಹೇಳಿದ್ದ ಒಳಕಲ್ಲು ಅಲ್ಲೇ ಉಳಿಯಿತು ಎಂಬುದು ಅವರ ಸಿಟ್ಟು.

ಆ ಎರಡು ಲೆನ್ಸುಗಳಲ್ಲಿ ಒಂದು ಗಿಡ್ಡದ್ದು, ಐವತ್ತು ಎಂಎಂನದು. ಇನ್ನೊಂದು ಮುನ್ನೂರರದು, ಗೇಣಿಗಿಂತ ಉದ್ದ, ಕಬ್ಬಿಣದಷ್ಟು ಭಾರ. ದೂರದ್ದನ್ನು ಹತ್ತಿರ ಎಳೆದು ತೋರಿಸುವಂಥದ್ದು. ಪಕ್ಷಿ ಫೋಟೋ ತೆಗೆಯುವವರು ಅದನ್ನು ಹೊತ್ತುಕೊಂಡು ಕೆರೆದಂಡೆ ಸುತ್ತುತ್ತಾರೆ. ಕಾಕಾ ಅದನ್ನು ಹೊತ್ತುಕೊಂಡು ಲಗ್ನಕ್ಕೆ ಹೋಗುತ್ತಿದ್ದರು.

ನಮ್ಮ ಕಡೆ ಲಗ್ನವೆಂದರೆ ಅಕ್ಕಿಕಾಳು. ಊಟ ತಪ್ಪಿದರೂ ನಡೆಯುತ್ತದೆ, ಅಕ್ಕಿಕಾಳು ತಪ್ಪಬಾರದು. ಅದಕ್ಕೆಂದೇ ಜನ ಎರಡು ಬಸ್ಸು ಬದಲಾಯಿಸಿ ಬಂದಿರುತ್ತಾರೆ. ಅಯ್ಯನವರು ‘ಸಾವಧಾನ’ ಎಂದು ಮಂತ್ರ ಮುಗಿಸುವ ಹೊತ್ತಿಗೆ ಸರಿಯಾಗಿ ಫೋಟೋದವರು, ವಿಡಿಯೋದವರು, ಲೈಟು ಹಿಡಿದವರು ಎಲ್ಲ ವೇದಿಕೆ ಏರಿ ಮದುಮಕ್ಕಳಿಗೆ ಅಡ್ಡ ನಿಲ್ಲುತ್ತಾರೆ. ಜನ ಎಸೆದ ಅಕ್ಕಿಯೆಲ್ಲ ಅವರ ಬೆನ್ನಿಗೆ ಬೀಳುತ್ತದೆ. ಕಾಕಾ ಮಾತ್ರ ಎಂದೂ ವೇದಿಕೆ ಹತ್ತಿದವರಲ್ಲ. ಕಾರ್ಯಾಲಯದ ತೀರ ಹಿಂದಿನ ಗೋಡೆಗೆ ಬೆನ್ನು ಹಚ್ಚಿ, ಮೊಳಕೈ ಎರಡನ್ನೂ ಪಕ್ಕೆಲುಬಿಗೆ ಒತ್ತಿ, ಆ ಉದ್ದ ಲೆನ್ಸನ್ನು ಎತ್ತಿ ಹಿಡಿಯುತ್ತಿದ್ದರು. ಎದ್ದು ನಿಂತ ಜನರ ನಡುವೆ ಸಂದಿ ಹುಡುಕುತ್ತ ಅರ್ಧ ಹೆಜ್ಜೆ ಆಚೆ, ಅರ್ಧ ಹೆಜ್ಜೆ ಈಚೆ. ಹೀಗೆ ಸರಿದಾಡಬೇಕಾದ್ದರಿಂದ ಮೂರು ಕಾಲಿನ ಸ್ಟ್ಯಾಂಡು ಅವರಿಗೆ ಆಗಿಬರುತ್ತಿರಲಿಲ್ಲ. ಅವರ ಫೋಟೋದಲ್ಲಿ ಮುಂದೆ ಎತ್ತಿದ ಕೈಗಳು ಮಸುಕು ಮಸುಕಾಗಿ, ಅವುಗಳ ನಡುವೆ ಮದುಮಗಳ ಮುಖ ಮಾತ್ರ ಚೊಕ್ಕಟವಾಗಿ ಬರುತ್ತಿತ್ತು. ನೋಡಿದವರಿಗೆ ತಾವೇ ಅಕ್ಕಿ ಹಾಕುತ್ತ ನಿಂತಂತೆ ಅನಿಸುತ್ತಿತ್ತು.

“ಲಗ್ನ ನೋಡಾಕ ಬಂದ ಮಂದಿ ನನ್ನ ಕುಂಡಿ ಯಾಕ ನೋಡ್ಬೇಕಲೇ?” ಇದು ಅವರ ವಿವರಣೆ.

ನನ್ನ ಕಸುಬಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮಿಮಿಕ್ರಿ ಮಾಡುವವನು. ಹುನಗುಂದ ಸ್ಟ್ಯಾಂಡಿನ ಕಂಡಕ್ಟರು, ಮಂತ್ರ ಹೇಳುತ್ತಲೇ ಆಕಳಿಸುವ ಅಯ್ಯನವರು, ‘ನನಗ ಹಸಿವ ಇಲ್ಲವಾ’ ಎಂದು ನಾಲ್ಕು ಹೋಳಿಗೆ ಇಳಿಸುವ ಅತ್ತೆ, ಮಗ ಕೆಲಸಕ್ಕೆ ಹೋಗುವುದಿಲ್ಲವೆಂದು ಕೆಮ್ಮಿನಲ್ಲೇ ಬೈಯುವ ನನ್ನಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನಾನೇ ಮನೆಯಿಲ್ಲದವನು. ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಅವ್ವ, “ಇದ್ಯಾರದೋ?” ಎಂದು ಕೇಳುತ್ತಾಳೆ.

ಒಂದು ರಿಸೆಪ್ಶನ್ನಿನಲ್ಲಿ ನಗು ಕಡಿಮೆ ಬಿತ್ತು. ಹಾಲಿನ ಕೊನೆಗೆ ಕಾಕಾ ನಿಂತಿದ್ದು ಕಂಡಿತು. ಆಗ ಅವರ ಕೈ ಆಗಲೇ ನಡುಗಲು ಶುರುವಾಗಿತ್ತು. ದವಾಖಾನೆಯಲ್ಲಿ ನರದ ದೋಷ ಅಂದಿದ್ದರು, ಗುಳಿಗೆ ಕೊಟ್ಟಿದ್ದರು. ಇದು ಕಾಕುವಿಗೆ ಗೊತ್ತಿತ್ತು, ಎದುರು ಮನೆಯವರಾದ ನಮಗೆ ಗೊತ್ತಿತ್ತು, ಅಷ್ಟೇ. ನಾನು ಒಂದು ನೀರಿನ ಬಾಟಲಿ ಎತ್ತಿ ಕಣ್ಣಿಗೆ ಹಿಡಿದು, ಮೊಳಕೈ ಪಕ್ಕೆಗೆ ಒತ್ತಿ, ಬಾಟಲಿಯೊಳಗಿನ ನೀರು ಕುಣಿಯುವಷ್ಟು ನಡುಗಿದೆ. ಹಾಲೇ ಬಿದ್ದುಬಿದ್ದು ನಕ್ಕಿತು. ಕಾಕಾನೂ ನಕ್ಕರು. ನಗುತ್ತಲೇ ನನ್ನದೊಂದು ಫೋಟೋ ತೆಗೆದರು. ಮರುದಿನ ಅದನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಪೂರ್ತಿ ಕಲಸಿಹೋಗಿತ್ತು.

“ನೋಡಲೇ ಮಂಗ್ಯಾ. ಇದರಾಗ ನಡಗಿದಾವ ನೀನೋ ನಾನೋ, ಗೊತ್ತಾಗವಲ್ದು.”

ಅದಕ್ಕೂ ನಾನು ನಕ್ಕಿದ್ದೆ... ಮುಂದಿನ ಸೀಜನ್ನಿಗೆ ಊರಿನ ಬಾಯಲ್ಲೆಲ್ಲ ಒಂದೇ ಮಾತು. ಅವರ ಕೈ ನಡಗತಾವಂತ, ಅವರನ್ನ ಕರೀಬ್ಯಾಡ್ರಿ. ನಾಲ್ಕು ತಿಂಗಳಲ್ಲಿ ಒಂದೇ ಒಂದು ಲಗ್ನಕ್ಕೂ ಕರೆ ಬರಲಿಲ್ಲ. ಕಾಕಾ ಸಂಜೆ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತು ಆ ಉದ್ದ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು. ಧೂಳೇ ಇಲ್ಲದ್ದನ್ನು ಒರೆಸುತ್ತಿದ್ದರು.

ತಪ್ಪು ಮಾಡಿದವನು ಹೋಗಿ ತಪ್ಪಾಯಿತು ಅನ್ನಬೇಕು. ನಾನು ಅದರ ಬದಲು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಅಲುಗಾಟವನ್ನು ತಾನೇ ತಿಂದುಹಾಕುವ ಕ್ಯಾಮೆರಾಗಳು ಬಂದಿವೆ ಎಂದು ಗೊತ್ತಾಯಿತು. ಅವುಗಳ ಹೊಟ್ಟೆಯಲ್ಲಿ ಚಿತ್ರ ಹಿಡಿಯುವ ಒಂದು ಸಣ್ಣ ಪಟ್ಟಿ, ಸೆನ್ಸರ್ ಅನ್ನುತ್ತಾರೆ, ತೂಗುಮಂಚದ ಹಾಗೆ ಸಡಿಲವಾಗಿ ಕೂತಿರುತ್ತದೆ. ಕೈ ಅಲುಗಿದಾಗ ಅದೂ ಅಷ್ಟೇ ಸರಿದು ಸರಿದೂಗಿಸುತ್ತದೆ. ಓಡಿಹೋಗಿ ಕಾಕಾನಿಗೆ ಹೇಳಿದೆ. ಅವರು ಒಂದು ವಾರ ಬಿಟ್ಟು ಯಾರೋ ಬಳಸಿ ಬಿಟ್ಟ ಅಂಥದೊಂದು ಕ್ಯಾಮೆರಾ ತರಿಸಿದರು. ಹಳೆಯ ಲೆನ್ಸು ಹೊಸ ಕ್ಯಾಮೆರಾಕ್ಕೆ ಕೂರಲು ನಡುವೆ ಒಂದು ಬಳೆ ಬೇಕಿತ್ತು, ಅದೂ ಬಂತು.

ಪರೀಕ್ಷೆಗೆ ಇಬ್ಬರೂ ಬದಾಮಿಗೆ ಹೋದೆವು. ಊರಿನವರ ಕಣ್ಣೆದುರು ಬೇಡ ಅಂದಿದ್ದರು ಕಾಕಾ. ಅಗಸ್ತ್ಯ ತೀರ್ಥದ ಪಾವಟಿಗೆಗಳ ಮೇಲೆ ಹೆಂಗಸರು ಬಟ್ಟೆ ಕುಕ್ಕುತ್ತಿದ್ದರು. ಆಚೆ ದಂಡೆಗೆ ಭೂತನಾಥನ ಗುಡಿ. ಮೊದಲು ಗಿಡ್ಡ ಲೆನ್ಸು. ಎದುರಿನ ಹೆಂಗಸಿನ ಬಕೆಟ್ಟನ್ನೋ, ಅದರ ಪಕ್ಕ ಕೂತ ಮಂಗನನ್ನೋ ಏನನ್ನು ತೆಗೆದರೂ ಕೆತ್ತಿಟ್ಟಂತೆ ಬಂತು. ಕೈ ಎಂದಿನಂತೆ ನಡುಗುತ್ತಲೇ ಇತ್ತು, ಫೋಟೋಕ್ಕೆ ಅದರ ಸುದ್ದಿಯೇ ಮುಟ್ಟಿರಲಿಲ್ಲ. ಕಾಕಾ ಒಂದೊಂದನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಮುನ್ನೂರರ ಲೆನ್ಸು ಹಾಕಿ ಆಚೆ ದಂಡೆಯ ಗುಡಿಗೆ ಹಿಡಿದರು. ಹತ್ತು ಫೋಟೋ. ಹತ್ತರಲ್ಲೂ ಗುಡಿ ಗಂಜಿಯಾಗಿತ್ತು.

“ಗುಡಿ ಹೊಂಡದಾಗ ಬಿದ್ದಂಗ ಬಂದೈತಿ ನೋಡು. ನಡಿ, ಮನಿಗೆ ಹೋಗೂಣು.”

“ತಡೀರಿ ಕಾಕಾ. ರೊಟ್ಟಿ ತಿಂದ ಹೋಗೂಣ್ರಿ.”

ಕಾಕು ಕಟ್ಟಿದ್ದ ರೊಟ್ಟಿಯಲ್ಲಿ ಒಂದನ್ನು ಮಂಗ ಒಯ್ದಿತು. ಉಳಿದದ್ದನ್ನು ತಿನ್ನುತ್ತ ನಾನು ಮೊಬೈಲು ಕೆದರಿದೆ. ಕಾರಣ ಸಿಕ್ಕಿತು. ಹೊಸ ಲೆನ್ಸಾದರೆ ನಾನು ಇಷ್ಟು ಉದ್ದದವನು ಎಂದು ಅದೇ ಕ್ಯಾಮೆರಾಕ್ಕೆ ಹೇಳುತ್ತದೆ. ನಮ್ಮದು ಬಾಯಿಲ್ಲದ ಹಳೆ ಲೆನ್ಸು. ಆ ನಂಬರನ್ನು ನಾವೇ ತುಂಬಬೇಕು. ಕ್ಯಾಮೆರಾದೊಳಗೆ ಐವತ್ತು ಅಂತಲೇ ಇತ್ತು. ಮುನ್ನೂರಕ್ಕೆ ಬೇಕಾದಷ್ಟು ಸರಿಯಬೇಕಾದ ಪಟ್ಟಿ ಐವತ್ತಕ್ಕೆ ಸಾಕಾಗುವಷ್ಟು ಮಾತ್ರ ಸರಿದು, ಕೆಲಸ ಆಯಿತೆಂದು ಕೂತಿತ್ತು. ಕೆಲವು ಸರ್ಕಾರಿ ಕಚೇರಿಗಳ ಹಾಗೆ.

ನಂಬರು ಮುನ್ನೂರಕ್ಕೆ ತಿರುಗಿಸಿ ಕೊಟ್ಟೆ. ಕಾಕಾ ಗುಂಡಿಯನ್ನು ಅರ್ಧ ಒತ್ತಿ ಹಿಡಿದರು. “ಆಹಾ” ಅಂದರು. ನನಗೂ ತೋರಿಸಿದರು. ತೇಲಾಡುತ್ತಿದ್ದ ಗುಡಿ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಮೆಲ್ಲಗೆ ತಡವರಿಸಿ, ಯಾರೋ ಹೆಗಲು ಹಿಡಿದು ನಿಲ್ಲಿಸಿದಂತೆ ನಿಂತಿತು. ಹಾಗೆಂದು ಎಲ್ಲವೂ ಬರಲಿಲ್ಲ. ಅರ್ಧಕ್ಕರ್ಧ ಕೆಟ್ಟವು. ನಾನು ಕ್ಯಾಮೆರಾಕ್ಕೆ ಬೈದೆ. ಕಾಕಾ ಬಿದ್ದಿದ್ದ ಒಂದು ಉದ್ದನೆಯ ಕಡ್ಡಿ ಎತ್ತಿ ನನ್ನ ಮುಂದೆ ಹಿಡಿದರು.

“ಪೆನ್ನ ಹಿಡದು ನಡಗಿದ್ರ ತುದಿ ಎಷ್ಟ ಅಲಗತೈತಿ? ಇಷ್ಟಾ. ಈ ಕಡ್ಡಿ ಹಿಡದು ನಡಗಿದ್ರ? ನೋಡು, ಗೇಣ ಗೇಣ ಹೊಯ್ದಾಡತೈತಿ. ಕೈ ಅದ, ನಡಗೂದು ಅದ. ಉದ್ದ ಆದಂಗ ತುದಿ ಕುಣೀತೈತಿ. ಒಳಗಿನ ಆ ಪಾಪದ್ದು ಎಷ್ಟಂತ ಓಡೀತು? ಅದಕ್ಕೂ ಆಚಿ ಈಚಿ ಗ್ವಾಡಿ ಅದಾವಲಾ.”

ನಾನು ಆಗ ಸ್ಟ್ಯಾಂಡನ್ನೂ ಹೊತ್ತು ತಂದಿದ್ದೆ, ಅದರ ಮೇಲೂ ಇಟ್ಟು ನೋಡಿದೆವು. ವಿಚಿತ್ರವೆಂದರೆ ಕಲ್ಲಿನಂತೆ ನಿಂತ ಕ್ಯಾಮೆರಾದಲ್ಲೂ ಗುಡಿ ಮೆಲ್ಲಗೆ ಈಜಾಡಿತು. ಅಲುಗಾಟ ತಡೆಯುವ ಆ ಏರ್ಪಾಟನ್ನು ನಾವು ಬಂದ್ ಮಾಡಿರಲಿಲ್ಲ, ಇಲ್ಲದ ಅಲುಗಾಟವನ್ನು ಅದು ಹುಡುಕುತ್ತ ಕೂತಿತ್ತು.

“ತಪ್ಪಿಲ್ಲದಲ್ಲಿ ತಪ್ಪ ಹುಡುಕತೈತಿ, ಥೇಟ್ ಬೀಗರ ಹಂಗ,” ಅಂದರು ಕಾಕಾ. ಆ ವರ್ಷ ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ಬರುವಾಗ ಒಂದು ಒಪ್ಪಂದವಾಯಿತು. ಕೈ ನಡುಗುವುದರಿಂದ ಕ್ಯಾಮೆರಾದ ಆ ಸಣ್ಣ ಚಕ್ರ ತಿರುಗಿಸಲು ಹೋದರೆ ಅವರ ಬೆರಳು ಜಾರಿ ನಂಬರು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹಾಗಾಗಿ ಲೆನ್ಸು ಬದಲಿಸುವುದು ಅವರ ಕೆಲಸ, ನಂಬರು ಬದಲಿಸುವುದು ನನ್ನ ಕೆಲಸ. ಅವರು ಲೆನ್ಸು ಕೂರಿಸಿ “ಮುನ್ನೂರು” ಎಂದು ಕೂಗಬೇಕು. ನಾನು ಚಕ್ರ ತಿರುಗಿಸಿ, ಮುಗಿದ ಮೇಲೆ “ಮುನ್ನೂರು” ಎಂದು ತಿರುಗಿ ಹೇಳಬೇಕು. ನನ್ನ ಬಾಯಿಂದ ಆ ಮಾತು ಬಂದ ಮೇಲೆಯೇ ಅವರು ಕಣ್ಣಿಗೆ ಹಚ್ಚುವುದು. ಚಾಳೀಸು ಇಲ್ಲದೆ ಅವರಿಗೆ ಆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಚಾಳೀಸು ಹಾಕಿ ಕ್ಯಾಮೆರಾ ಹಿಡಿಯುವ ರೂಢಿ ಅವರಿಗಿರಲಿಲ್ಲ.

ಅಷ್ಟರಲ್ಲಿ ನಮ್ಮ ಅಕ್ಕನ ಲಗ್ನ ಗೊತ್ತಾಯಿತು. ಗಂಡಿನವರು ಇಳಕಲ್ಲಿನವರು, ಲಗ್ನವೂ ಅಲ್ಲೇ. ಫೋಟೋಕ್ಕೆ ಕಾಕಾನನ್ನೇ ಕರೆಯೋಣ ಎಂದು ನಾನು ಹಟ ಹಿಡಿದೆ. ಇನ್ನೂರು ಮುನ್ನೂರು ಜನರ ಮುಂದೆ ಅವರು ಒಂದು ಲಗ್ನ ತೆಗೆದು ತೋರಿಸಿದರೆ ಊರಿನ ಬಾಯಿ ಮುಚ್ಚುತ್ತದೆ, ನಾನು ಕಿತ್ತುಕೊಂಡದ್ದನ್ನು ನಾನೇ ಕೊಟ್ಟಂತಾಗುತ್ತದೆ ಎಂಬ ಲೆಕ್ಕ ನನ್ನದು.

“ಕೈ ನಡಗಾವ್ರಿಗೆ ಹೆಂಗಪಾ ಕೊಡೂದು?” ಅಂದ ಅಪ್ಪ.

“ಹಂಗೇನಿಲ್ಲಪಾ, ಮಂದಿ ಏನರ ಅಂತಾರ.”

“ಮಂದಿಗೆ ಹೇಳಿದಾವ ಯಾರು? ಬಾಟ್ಲಿ ಹಿಡಕೊಂಡು ಕುಣದಾವ ನೀನ ಅಲ್ಲೇನು?”

ಅಪ್ಪನ ಕೆಮ್ಮನ್ನೇ ಅಪ್ಪನಿಗೆ ಕೆಮ್ಮಿ ತೋರಿಸಿದೆ. ಅವ್ವ ನಕ್ಕಳು, ಅಪ್ಪ ಒಪ್ಪಿದ.

ಸುದ್ದಿ ಹೇಳಲು ಹೋದಾಗ ಕಾಕಾ ಎದ್ದು ಲೆನ್ಸಿನ ಪೆಟ್ಟಿಗೆ ತರಲು ಒಳಗೆ ಹೋದರು. ಕಾಕು ಬಾಗಿಲಿನವರೆಗೆ ಬಂದು ಮೆಲ್ಲಗೆ, “ಇದೊಂದ ಚೊಲೋ ಆಗ್ಲೆಪಾ. ಇಲ್ಲಾಂದ್ರ ಅವ್ರು ಕ್ಯಾಮೆರಾ ಮತ್ತ ಮುಟ್ಟಾಂಗಿಲ್ಲ,” ಅಂದರು.

ಲಗ್ನದ ದಿನ ಬೆಳಿಗ್ಗೆ ಎಲ್ಲ ನೆಟ್ಟಗೇ ನಡೆಯಿತು. ಮದುಮಗಳ ಕೋಣೆಯಲ್ಲಿ ಕಾಕಾ ಗಿಡ್ಡ ಲೆನ್ಸು ಹಾಕಿ “ಐವತ್ತು” ಅಂದರು, ನಾನು ತಿರುಗಿಸಿ “ಐವತ್ತು” ಅಂದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಅಳಬಾರದೆಂದು ಮೇಲೆ ನೋಡುತ್ತಿದ್ದ ಅಕ್ಕ... ಆ ಫೋಟೋಗಳನ್ನು ನೋಡಿದವರು ಈಗಲೂ ಯಾರು ತೆಗೆದದ್ದು ಎಂದು ಕೇಳುತ್ತಾರೆ.

ಅಲ್ಲಿಂದ ಹಾಲಿಗೆ ಬಂದೆವು. ಜನ ಕಿಕ್ಕಿರಿದಿದ್ದರು. ನಮ್ಮ ಸೋದರಮಾವನ ಮಕ್ಕಳೆಲ್ಲ ನನ್ನ ಸುತ್ತ ಸೇರಿ, ಅಯ್ಯನವರ ದನಿ ಮಾಡು, ಅಯ್ಯನವರ ದನಿ ಮಾಡು ಎಂದು ಜುಬ್ಬಾ ಜಗ್ಗುತ್ತಿದ್ದರು. ಕಾಕಾ ಗೋಡೆಯ ಹತ್ತಿರ ಲೆನ್ಸು ಬದಲಿಸಿದರು. ಕ್ಯಾಮೆರಾವನ್ನು ನನ್ನ ಕಡೆ ಚಾಚಿ, “ಮುನ್ನೂರು!” ಎಂದು ಕೂಗಿದರು.

ನಾನು ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, ಮೂಗಿನಿಂದ ಅಯ್ಯನವರ ದನಿ ತೆಗೆದು, “ಮುನ್ನೂ...ರು... ಸಾವಧಾ...ನ” ಅಂದೆ.

ಹುಡುಗರು ಹೋ ಎಂದರು. ಕಾಕಾನೂ ನಕ್ಕು, ಚಾಚಿದ ಕ್ಯಾಮೆರಾ ಹಿಂದೆ ತೆಗೆದುಕೊಂಡು ಗೋಡೆಗೆ ಬೆನ್ನು ಹಚ್ಚಿದರು. ಅವರಿಗೆ ಬೇಕಾದ ಮಾತು ಅವರಿಗೆ ಕೇಳಿಸಿತ್ತು. ನನ್ನ ಎರಡೂ ಕೈ ಗಾಳಿಯಲ್ಲಿದ್ದವು ಎಂಬುದು ಅವರ ತಲೆಗೆ ಬರಲಿಲ್ಲ. ನನ್ನ ತಲೆಗೂ ಬರಲಿಲ್ಲ.

ವಾಲಗ ಏರಿತು, ಜನ ಎದ್ದರು, ಅಕ್ಕಿ ಹಾರತೊಡಗಿತು. ನಾನು ಒಮ್ಮೆ ತಿರುಗಿ ನೋಡಿದ ನೆನಪಿದೆ. ಕಾಕಾ ಗುಂಡಿ ಅರ್ಧ ಒತ್ತಿ ಕಾಯುತ್ತಿದ್ದರು. ಹುಬ್ಬು ಗಂಟಾಗಿತ್ತು. ಒಂದು ಉಸಿರು, ಇನ್ನೊಂದು ಉಸಿರು... ನಿಲ್ಲಬೇಕಾದ್ದು ನಿಲ್ಲುತ್ತಿಲ್ಲ ಎಂದು ಆ ಮುಖ ಹೇಳುತ್ತಿತ್ತು. ಬೆಳಕು ಸಾಲದೇನೋ ಅಂದುಕೊಂಡು ನಾನು ಮತ್ತೆ ವೇದಿಕೆಯ ಕಡೆ ಮುಖ ಮಾಡಿದೆ.

ಎಲ್ಲ ಮುಗಿದು ಮನೆಯವರ ಗುಂಪು ಫೋಟೋಕ್ಕೆಂದು ಅವರು “ಐವತ್ತು” ಎಂದು ಕ್ಯಾಮೆರಾ ಕೊಟ್ಟರು. ನೋಡಿದರೆ ನಂಬರು ಮುನ್ನೂರರ ಮೇಲೆ ಇತ್ತು. ಸರಿಯಾಗಿಯೇ ಇದೆಯಲ್ಲ ಎಂದು ತಿರುಗಿಸಹೋದ ಬೆರಳು ಅಲ್ಲೇ ನಿಂತಿತು. ಇದನ್ನು ಮುನ್ನೂರಕ್ಕೆ ತಂದ ನೆನಪು ನನ್ನ ಬಾಯಿಗೆ ಇತ್ತು, ಬೆರಳಿಗೆ ಇರಲಿಲ್ಲ. ಹಾಗಾದರೆ ತಿರುಗಿಸಿದವರು ಯಾರು? ಯಾವಾಗ? ಕಾಕಾನ ಮುಖ ನೋಡಿದೆ. ಅವರು ಗುಂಪಿನಲ್ಲಿ ಎತ್ತರದವರನ್ನು ಹಿಂದೆ ಕಳಿಸುವುದರಲ್ಲಿ ಮಗ್ನರಾಗಿದ್ದರು.

ಹತ್ತು ದಿನದ ಮೇಲೆ ಅಪ್ಪ, ಅಕ್ಕ, ಭಾವ, ನಾನು ಅವರ ಸ್ಟುಡಿಯೋದಲ್ಲಿ ಫೋಟೋ ನೋಡಲು ಕೂತೆವು. ಕೋಣೆಯ ಫೋಟೋಗಳಿಗೆ ಭಾವ ವಾಹ್ ವಾಹ್ ಅಂದ. ಆಮೇಲೆ ಅಕ್ಕಿಕಾಳು ಬಂತು. ಅಕ್ಕನ ಮುಖಕ್ಕೆ ಎರಡೆರಡು ಮೂಗು. ಭಾವನ ಬಾಸಿಂಗ ಬೆಂಕಿ ಹತ್ತಿದ ಬಣವೆಯ ಹಾಗೆ ಎಳೆದುಹೋಗಿತ್ತು. ಮುಂದಿನದು, ಅದರ ಮುಂದಿನದು, ಎಲ್ಲವೂ ಹಾಗೇ. ಜನರ ಮೊಬೈಲುಗಳಲ್ಲಿ ಮುಂದಿನವರ ತಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ಸೆರಗಿನ ತುದಿ ಸುತ್ತುತ್ತ ಕೂತಳು.

“ಏನ್ರೀ ಇದು?” ಅಂದ ಅಪ್ಪ. “ಒಮ್ಮೆ ಆಗೂ ಲಗ್ನರೀ ಇದು. ಮತ್ತ ಹೋಗಿ ಅಕ್ಕಿಕಾಳ ಹಾಕ್ಸಾಕ ಆಗ್ತೇತೇನ್ರಿ? ಆಗೂದಿಲ್ಲಂದ್ರ ಆಗೂದಿಲ್ಲ ಅಂತ ಮೊದಲ ಹೇಳ್ಬೇಕಿಲ್ಲೋ?”

ಕಾಕಾ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

“ಕೈರೀ... ನನ್ನ ಕೈಯಿಂದ ಆತು. ವಯಸ್ಸಾತು. ತಪ್ಪಾತ್ರಿ.”

ಇನ್ನೂರು ದನಿ ಬರುತ್ತವೆಂದು ಪೋಸ್ಟರು ಮಾಡಿಸಿಕೊಂಡ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಒಂದು ದನಿಯೂ ಬರಲಿಲ್ಲ. ಹೇಳಿದರೆ ಅಪ್ಪ ಭಾವನ ಮುಂದೆಯೇ ಉಗಿಯುತ್ತಾನೆ, ಅಕ್ಕ ಜೀವನವಿಡೀ ನೆನೆಯುತ್ತಾಳೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆಗೆ ಆರು ತಿಂಗಳು ಹಿಡಿಯಿತು.

ಕಾಕು ಹೇಳಿದಂತೆಯೇ ಆಯಿತು. ಕಾಕಾ ಆಮೇಲೆ ಲಗ್ನಕ್ಕೆ ಹೋಗಲಿಲ್ಲ. ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು, ಅರ್ಜಿಗೆ ಅಂಟಿಸುವ ಸಣ್ಣ ಫೋಟೋಗಳನ್ನು ಮಾತ್ರ ತೆಗೆಯುತ್ತಿದ್ದರು. ಒಂದು ಮಧ್ಯಾಹ್ನ, ಗಿರಾಕಿ ಯಾರೂ ಇಲ್ಲದಾಗ, ಒಳಗೆ ಹೋಗಿ ನಿಂತೆ. ಅವತ್ತು ನನ್ನದೇ ದನಿ ಇತ್ತೆಂದು ಕಾಣುತ್ತದೆ, ಏಕೆಂದರೆ ಬಹಳ ಸಣ್ಣಗಿತ್ತು.

“ಕಾಕಾ, ಅವತ್ತ ಆ ನಂಬರ...”

“ಐವತ್ತ ಇತ್ತು. ಗೊತ್ತೈತಿ.”

“ಯಾವಾಗ ಗೊತ್ತಾತ್ರಿ?”

“ಅಲ್ಲೇ, ಗ್ವಾಡಿಗೆ ನಿಂತಾಗ. ಚಿತ್ರ ನಿಲ್ಲವಲ್ದಲಾ ಅಂತ ಚಾಳೀಸ ಹಾಕ್ಕೊಂಡ ನೋಡಿದೆ. ಅಷ್ಟೊತ್ತಿಗೆ ಮುಗದಿತ್ತು. ಹೆಂಗೋ ಮಾಡಿ ಚಕ್ರ ತಿರಿವಿದೆ. ಕಡೀಕ ಬಂದ ಒಂದಿಷ್ಟ ಮಂದೀನ ಮುನ್ನೂರರ ಮ್ಯಾಲನ ತಗದೇನಿ.”

“ಅವು?”

ಅವರು ಪರದೆಯ ಕಡೆ ಮುಖ ತಿರುಗಿಸಿದರು. “ಒಂದೂ ಬರಲಿಲ್ಲಲೇ. ಅವೂ ಹಂಗ. ನಂಬರ ಕೂಡಿದ್ರೂ ಕೈ ಕೂಡ್ಲಿಲ್ಲ. ಮತ್ತ ನಿನ್ನ ಹೆಸರ ಯಾಕ ಹೇಳ್ಬೇಕು? ಹೇಳಿದ್ರ ನಿಮ್ಮಪ್ಪ, ಇನ್ನೊಂದ ಲಗ್ನದ ಫೋಟೋ ತಗದ ತೋರಸ್ರಿ ಅಂತಿದ್ದ. ನಾ ಮತ್ತ ಹೋಗಿ ನಿಲ್ಲಬೇಕಾಗ್ತಿತ್ತು. ಸಾಕಾಗೇತಿ ತಮ್ಮಾ. ಭಾಳ ಸಾಕಾಗೇತಿ.”

ಹೊರಗೆ ಬಂದಾಗ ನನಗಾದದ್ದು ನೆಮ್ಮದಿ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಖರೆ ಅದೇ. ನಾನು ನಂಬರು ಸರಿ ಹಾಕಿದ್ದರೂ ಆ ಫೋಟೋ ಬರುತ್ತಿರಲಿಲ್ಲ ಅಂದರೆ ನನ್ನ ತಪ್ಪು ತಪ್ಪೇ ಅಲ್ಲ. ಸಂ‌ಜೆ ಗೆಳೆಯರ ಜೊತೆ ಕೂತು ಎರಡು ಪ್ಲೇಟು ಮಿರ್ಚಿ ಬಜಿ ತಿಂದೆ. ಅವತ್ತು ಎಲ್ಲರ ದನಿಯೂ ಚೆನ್ನಾಗಿ ಬಂತು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಅಪ್ಪನೂ ಮಣ್ಣಿಗೆ ಹೋಗಿ ಬಂದ. ಲಗ್ನದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ಟುಡಿಯೋ ಕೋಣೆಯನ್ನು ಬಾಡಿಗೆಗೆ ಕೊಡಬೇಕು, ಕಂಪ್ಯೂಟರಿನಲ್ಲಿ ಮೊಮ್ಮಕ್ಕಳ ಫೋಟೋಗಳಿವೆ, ತೆಗೆದುಕೊಡು ಎಂದು ಕಾಕು ಎರಡು ತಿಂಗಳಿಂದ ಕರೆಯುತ್ತಿದ್ದರು. ಇವತ್ತು ನಾಳೆ ಅನ್ನುತ್ತ ತಪ್ಪಿಸಿಕೊಂಡಿದ್ದೆ. ಕಳೆದ ವಾರ ಅಂಗೈಯಲ್ಲಿ ಆ ಕಾಳು ನೋಡಿದ ಮೇಲೆ ಮಲಗಲಾಗಲಿಲ್ಲ. ಎದ್ದು ಹೋದೆ.

ಮೊಮ್ಮಕ್ಕಳ ಫೋಟೋ ಪೆನ್‌ಡ್ರೈವಿಗೆ ಹಾಕಿದೆ. ಅದರ ಕೆಳಗೇ ಅಕ್ಕನ ಲಗ್ನ ಇತ್ತು. ಪ್ರತಿ ಫೋಟೋದ ಬೆನ್ನಿಗೆ ಅದರ ಜಾತಕವೂ ಇರುತ್ತದೆ, ತೆಗೆದ ಹೊತ್ತು, ತುಂಬಿದ ನಂಬರು ಎಲ್ಲ. ಅಕ್ಕಿಕಾಳಿನ ಕೆಟ್ಟ ಫೋಟೋಗಳಿಗೆಲ್ಲ ಐವತ್ತು ಅಂತಿತ್ತು. ಅವುಗಳ ಕೊನೆಗೆ, ನಮಗೆ ಎಂದೂ ತೋರಿಸದ ಹನ್ನೊಂದು ಫೋಟೋ. ನಂಬರು ಮುನ್ನೂರು.

ಆರು ಕೆಟ್ಟಿದ್ದವು. ಐದು ಚೊಕ್ಕಟವಾಗಿದ್ದವು.

ಕೊನೆಯದನ್ನು ದೊಡ್ಡದು ಮಾಡಿ ನೋಡಿದೆ. ಅಕ್ಕಿಕಾಳು ಆಗುತ್ತಿದ್ದಂತೆ ಜನ ಪಂಕ್ತಿ ಹಿಡಿಯಲು ಓಡಿದ್ದರು, ಕಾರ್ಯಾಲಯ ಖಾಲಿ. ಅಡುಗೆಯವರು ಕರೆದರೆಂದು ನಡುವೆ ಎದ್ದು ಹೋಗಿದ್ದ ಅಪ್ಪ ಓಡಿ ಬಂದು, ವೇದಿಕೆಯ ಕೆಳಗೆ ಒಬ್ಬನೇ ನಿಂತು, ಮಗಳ ಮೇಲೆ ಅಕ್ಕಿ ಹಾಕುತ್ತಿದ್ದ. ಹಾಕುವ ಕೈ ಕಲಸಿತ್ತು, ಕಾಳುಗಳು ಸಣ್ಣ ಗೀರುಗಳಾಗಿದ್ದವು. ಕ್ಯಾಮೆರಾ ತಡೆಯುವುದು ಹಿಡಿದವರ ನಡುಕವನ್ನಷ್ಟೇ, ಎದುರಿನವರ ಕೈಯನ್ನಲ್ಲ. ಅಪ್ಪನ ಮುಖ ಮಾತ್ರ ಕಣ್ಣೆವೆ ಎಣಿಸುವಷ್ಟು ನಿಚ್ಚಳವಾಗಿತ್ತು. ಅಪ್ಪ ಅಳುತ್ತಿದ್ದ. ಅದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಹಿಂದಿನ ಗೋಡೆಯಿಂದ ಕಾಕಾ ಒಬ್ಬರೇ ನೋಡಿದ್ದರು.

ಇದೊಂದನ್ನು ಅಂದು ಅಪ್ಪನ ಮುಂದಿಟ್ಟಿದ್ದರೆ ಬೈಗುಳ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಇದು ಬಂದು ಅವು ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ಆಗ ನಂಬರಿನ ಮಾತು ಬರುತ್ತಿತ್ತು, ಅದರ ಹಿಂದೆ ನನ್ನ ಮಾತು ಬರುತ್ತಿತ್ತು. ಹನ್ನೊಂದಕ್ಕೆ ಐದು... ಯಾವ ಫೋಟೋಗ್ರಾಫರನಿಗೂ ಅಷ್ಟು ಸಾಕು. ಇನ್ನಷ್ಟು ವರ್ಷ ಗೋಡೆಗೆ ನಿಲ್ಲಬಹುದಿತ್ತು. ಸಾಕಾಗಿತ್ತು ಅಂದದ್ದು ಎಷ್ಟು ಖರೆ, ಎಷ್ಟು ನನ್ನ ಸಲುವಾಗಿ, ಇನ್ನು ಕೇಳುವಂತಿಲ್ಲ.

ಫೋಟೋ ಮೊಬೈಲಿಗೆ ಹಾಕಿಕೊಂಡು ಮನೆಗೆ ಬಂದೆ. ಅಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಕೊಟ್ಟೆ. ಬಹಳ ಹೊತ್ತು ನೋಡಿದ.

“ಇದನ್ನ ಯಾರ ತಗದಿದ್ದು?”

“ಕಾಕಾ.”

“ಅವರ ಕೈ...”

“ಕೈಯಿಂದ ಆಗಿದ್ದಲ್ಲಪಾ ಅದು. ನನ್ನಿಂದ ಆತು.”

ಗಂಟಲು ಕೆಟ್ಟಿತ್ತು, ಆದರೂ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ಅರ್ಧಕ್ಕೇ ಬಿಟ್ಟು ಎದ್ದ, ಅಂಗಿ ಹಾಕಿಕೊಂಡ, ಚಪ್ಪಲಿ ಮೆಟ್ಟಿ ಎದುರು ಸಾಲಿನ ಮನೆಯ ಕಡೆ ನಡೆದ. ತಪ್ಪಾಯಿತು ಅನ್ನಬೇಕಾದವರು ಅಲ್ಲಿಲ್ಲ ಎಂದು ಅವನಿಗೂ ಗೊತ್ತಿತ್ತು. ಕಾಕು ಬಾಗಿಲು ತೆಗೆದು, “ಬರ್ರಿ, ಯಾಕ್ರಿ?” ಅಂದರು. ಅಪ್ಪ ಹೊಸ್ತಿಲಲ್ಲೇ ನಿಂತ. ಬಾಯಿ ತೆರೆದ, ಏನೂ ಹೊರಡಲಿಲ್ಲ. ಹಿಂದೆ ತಿರುಗಿ ನನ್ನನ್ನು ನೋಡಿದ.

ನಾನು ರಸ್ತೆ ದಾಟಿ ಅವನ ಪಕ್ಕಕ್ಕೆ ಹೋಗಿ ನಿಂತೆ.